ಚಪ್ಪಲಿ ಬಿಡಲೊಪ್ಪದ ಗಣಿತದ ಮೇಷ್ಟ್ರು

ಇವತ್ತು ಕಂಡದ್ದನ್ನು ಹೇಳದಿದ್ದರೆ ನನಗೆ ಊಟ ಸೇರಲಿಕ್ಕಿಲ್ಲ, ಗೆಳೆಯರೇ. ನಮ್ಮ ಕಾಲೇಜಿಗೆ ಮೊದಲ ಕಂಪ್ಯೂಟರ್ ಬಂದಿದೆ. ಕಾಪುವಿನಿಂದ ಬರುವ ಗಣಿತದ ಮೇಷ್ಟ್ರನ್ನು ಅಟೆಂಡರ್ ವಾಸಣ್ಣ ಅದನ್ನಿಟ್ಟ ಕೋಣೆಯ ಬಾಗಿಲಲ್ಲೇ ತಡೆದರು.

"ಚಪ್ಪಲಿ ಹೊರಗೆ ಬಿಡಿ ಸರ್, ಕಂಪ್ಯೂಟರಿಗೆ ಧೂಳು ಆಗಿಬರುವುದಿಲ್ಲ."

"ಇದೆಂತ ದೇವಸ್ಥಾನವಾ ಮಾರಾಯ?"

ಮೇಷ್ಟ್ರು ಹೊರಗೇ ನಿಂತು, ತಾವು ಎರಡು ದಿನ ಕೂತು ಬಿಡಿಸಿದ್ದ ಲೆಕ್ಕವೊಂದನ್ನು ಒಳಗಿದ್ದ ನಮಗೆ ಕೊಟ್ಟರು. ಅಂಕಿಗಳನ್ನು ಒತ್ತಿದ್ದೇ ತಡ, ಉತ್ತರ ಬಂತು. ಮೇಷ್ಟ್ರ ಉತ್ತರವೇ ಬೇರೆ!

"ನಿಮ್ಮ ಯಂತ್ರ ಹಾಳಾಗಿ ಉಂಟು" ಎಂದವರೇ ಜಗಲಿಯಲ್ಲಿ ಲಾಗ್ ಟೇಬಲ್ ಪುಸ್ತಕ ಬಿಚ್ಚಿ ಕೂತರು. ಮುಕ್ಕಾಲು ಗಂಟೆಯ ಮೇಲೆ ತಮ್ಮದೇ ಲೆಕ್ಕದ ಮೂರನೇ ಸಾಲಿಗೆ ಕೆಂಪು ಗೆರೆ ಎಳೆದರು. ಚಪ್ಪಲಿ ಬಿಟ್ಟು ಒಳಗೆ ಬಂದರು. ಕಂಪ್ಯೂಟರಿನ ಎದುರು ಕೈಕಟ್ಟಿ ನಿಂತರು, ಲೆಕ್ಕ ತಪ್ಪಿದಾಗ ಅವರು ನಮ್ಮನ್ನು ಬೋರ್ಡಿನ ಎದುರು ನಿಲ್ಲಿಸುತ್ತಾರಲ್ಲ, ಹಾಗೆಯೇ.