ಹಿತ್ತಾಳೆ ರೆಕ್ಕೆಯ ಫ್ಯಾನು

ಅವರ ಎಡಗಿವಿಯ ಮೇಲೆ ಸದಾ ನಾಲ್ಕಾಣೆಯಗಲದ ಗ್ರೀಸಿನ ಕಲೆ ಇರುತ್ತಿತ್ತು. ಯಾವುದೇ ಹಳೆಯ ಫ್ಯಾನು ಕೈಗೆ ಬರಲಿ, ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ ಅದರ ಬೆನ್ನಿಗೆ ಕಿವಿಯಿಟ್ಟು ಕೇಳುವುದು ಅವರ ಅಭ್ಯಾಸ. ಹೊಳೆನರಸೀಪುರದಲ್ಲಿ ಮನೆಮನೆಗೆ ವೈರಿಂಗ್ ಮಾಡಿದ ಈ ವೈರ್‌ಮನ್ ನಮ್ಮ ಪಕ್ಕದ ಮನೆಯವರು. ನಾನು ಅಣ್ಣ ಎನ್ನುತ್ತಿದ್ದೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದರೂ ಅವರಿಗೆ ನಾನು ಮೇಷ್ಟ್ರೇ.

ನಡುಮನೆಯ ತುಂಬ ಫ್ಯಾನುಗಳು. ಹೆಸರಿನ ತಗಡು ಕಿತ್ತುಹೋದವೇ ಹೆಚ್ಚು. ರೆಕ್ಕೆಯ ಬಾಗು, ಜಾಲರಿಯ ಸುತ್ತು, ಎಣ್ಣೆ ಬಿಡುವ ಬಟ್ಟಲು ನೋಡಿಯೇ ಯಾವ ದೇಶದ್ದು, ಯಾವ ಕಾಲದ್ದು ಎಂದು ಹೇಳಿಬಿಡುತ್ತಿದ್ದರು. ಅವರ ಹೆಂಡತಿಗೆ ರೇಗುತ್ತಿತ್ತು. "ಇಷ್ಟು ಫ್ಯಾನ್ ಮಡೀಕಂಡು ನಾನು ಮೊರದಲ್ಲಿ ಗಾಳಿ ಬೀಸ್ಕಬೇಕು, ನೋಡಿ ಮೇಷ್ಟ್ರೇ!"

ಅರವತ್ತರ ದಶಕದ ಆರಂಭದ ಮಾತು. ಅರಕಲಗೂಡಿನಲ್ಲಿ ಗುಜರಿ ಗಾಡಿಯವನೊಬ್ಬನ ಬಳಿ ಕಪ್ಪು ಮೈಯ, ಹಿತ್ತಾಳೆ ರೆಕ್ಕೆಯ ಒಂದು ಮೇಜಿನ ಫ್ಯಾನು ಸಿಕ್ಕಿತು. ತಂದು ಅಣ್ಣನಿಗೆ ಕೊಟ್ಟೆ. ಅವರು ಅದನ್ನು ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡರು. ಚಿಕ್ಕಂದಿನಲ್ಲಿ ಕೆಲಸ ಕಲಿತ ಕಾಫಿ ತೋಟದ ಬಂಗಲೆಯಲ್ಲಿ ಇಂಥದ್ದೇ ಒಂದಿತ್ತಂತೆ. ಇಪ್ಪತ್ತು ವರ್ಷದಿಂದ ಹುಡುಕುತ್ತಿದ್ದರಂತೆ.

"ಹಾಕಿ ನೋಡೋಣ ಅಣ್ಣ" ಅಂದೆ.

"ಲೈನ್ ಕರೆಂಟಿಗೆ ಹಾಕ್ಬಾರ್ದು ಕಣ್ ಮೇಷ್ಟ್ರೇ, ಸುಟ್ಟೋಯ್ತದೆ. ಇದು ಡೈನಮೋ ಕರೆಂಟಿನ ಫ್ಯಾನು. ಟೂರಿಂಗ್ ಟಾಕೀಸ್ ಬರ್ಲಿ, ಅವ್ರ ಡೈನಮೋಕೆ ಕೊಟ್ಟು ತಿರುಗ್ಸವ."

ಟಾಕೀಸಿನವರು ಬರುವ ಮೊದಲೇ ಅಕ್ಕಿ ಗಿರಣಿಯ ಸಾಹುಕಾರರು ಬಂದರು. ಮೋಟಾರು ಕೆಟ್ಟಿದೆ ಎಂದು ಅಣ್ಣನನ್ನು ಕರೆಯಲು ಬಂದವರು ಒಳಗೆ ಇಣುಕಿ ನಿಂತುಬಿಟ್ಟರು. ಹಿಂದಿನ ತಿಂಗಳು ಅವರ ಮನೆಯ ಫ್ಯಾನು ಕಳುವಾಗಿತ್ತು. "ಇದು ನಂದು! ಯಾರು ತಂದೋರು?" ಎಂದರು. ನಾನು ಅಲ್ಲೇ ಇದ್ದೆ. ನಾನೇ ತಂದದ್ದು ಎಂದೆ.

ಮರುದಿನ ಬೆಳಿಗ್ಗೆ ಫ್ಯಾನಿನ ಸಮೇತ ಠಾಣೆಯಲ್ಲಿದ್ದೆವು. ಗುಜರಿಯವನ ಹೆಸರು ನನಗೆ ಗೊತ್ತಿರಲಿಲ್ಲ, ಅವನು ಯಾವ ಊರಿಗೆ ಹೋದನೋ ಅದೂ ಗೊತ್ತಿರಲಿಲ್ಲ. ನಾನು ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಕಳ್ಳತನದ ಕೇಸು ಬರೆದರೆ ಅಂದಿಗೇ ಮೇಷ್ಟ್ರ ಕೆಲಸ ಮುಗಿಯಿತು.

ಅಣ್ಣ ಫ್ಯಾನಿನ ಹಿಂಬದಿ ಬಿಚ್ಚಿ ಇನ್ಸ್‌ಪೆಕ್ಟರಿಗೆ ತೋರಿಸಿದರು. "ನೋಡಿ ಸಾ, ಇದ್ದಿಲಿನ ತುಂಡು ಎರಡು. ಲೈನ್ ಕರೆಂಟಿನ ಫ್ಯಾನಿಗೆ ಇವು ಇರಾಕಿಲ್ಲ, ಇದು ಡೈನಮೋ ಕರೆಂಟಿಂದು. ಇವ್ರ ಮನೇಲಿ ಇರಾದು ಲೈನ್ ಕರೆಂಟು. ಅಲ್ಲಿ ಇದು ತಿರುಗಾಕೇ ಇಲ್ಲ."

"ಇವ್ರೇ ರಿಪೇರಿ ಮಾಡೋರು. ಒಳಗೆ ಏನು ತುರುಕವ್ರೋ ಯಾರಿಗ್ಗೊತ್ತು?" ಸಾಹುಕಾರರು ಪಟ್ಟು ಬಿಡಲಿಲ್ಲ. "ನಮ್ಮನೇಲಿ ದಿನಾ ತಿರುಗ್ತಿತ್ತು ಸಾ. ಹಾಕ್ಸಿ, ಈಗ್ಲೂ ತಿರುಗ್ತದೆ."

ಇನ್ಸ್‌ಪೆಕ್ಟರು ಅಣ್ಣನ ಮುಖ ನೋಡಿದರು. "ಹಾಕದೆ ನಿಮ್ಮ ಮಾತು ಹೇಗ್ರಿ ನಂಬಲಿ?"

"ಬೇಡ ಅಣ್ಣ" ಎಂದೆ. ಅವರು ನನ್ನ ಕಡೆ ತಿರುಗಲೂ ಇಲ್ಲ. ಹೆಗಲ ವಸ್ತ್ರದಿಂದ ರೆಕ್ಕೆಗಳನ್ನು ಒಂದೊಂದಾಗಿ ಒರೆಸಿದರು, ವೈರು ಸಿಕ್ಕಿಸಿದರು, ಹಿಂದೆ ಸರಿದು ನಿಂತರು.

"ಸ್ವಿಚ್ ನೀವೇ ಹಾಕಿ ಸಾವ್ಕಾರ್ರೇ."

ಫ್ಯಾನು ಗುಂಯ್ ಎಂದಿತು. ರೆಕ್ಕೆಗಳು ನಡುಗಿದವು, ತಿರುಗಲಿಲ್ಲ. ಎಲ್ಲಿ ತಿರುಗಿಬಿಡುತ್ತದೋ ಎಂದು ನಾನು ಹೆದರಿದ್ದೆ. ತಿರುಗದಿರಲಿ, ಸುಟ್ಟೇ ಹೋಗಲಿ ಎಂದು ಬೇಡಿಕೊಂಡೆ. ಇವತ್ತಿಗೂ ನಾಚಿಕೆಯಾಗುತ್ತದೆ. ಗುಂಯ್‌ಗುಟ್ಟುವುದು ಜೋರಾಯಿತು, ಸುಟ್ಟ ಅರಗಿನ ವಾಸನೆ ಬಂತು, ಆಮೇಲೆ ಹೊಗೆ. ಅಣ್ಣನ ಬೆರಳುಗಳು ನನ್ನ ತೋಳನ್ನು ಬಿಗಿಯಾಗಿ ಹಿಡಿದಿದ್ದವು. "ಆರಿಸ್ರೀ!" ಎಂದು ಇನ್ಸ್‌ಪೆಕ್ಟರು ಕೂಗಿದ ಮೇಲೆಯೇ ಸಡಿಲವಾದದ್ದು.

ಸಾಹುಕಾರರ ಮುಖ ಇಳಿದುಹೋಗಿತ್ತು. "ಕಪ್ಪು ಬಣ್ಣ, ಹಿತ್ತಾಳೆ ರೆಕ್ಕೆ ನೋಡಿ ನಂದೇ ಅನ್ಕಂಬುಟ್ಟೆ" ಎಂದರು. ಅವರದೂ ಕೆಟ್ಟ ಮನಸ್ಸಲ್ಲ.

ಬಿಸಿ ಆರದ ಫ್ಯಾನನ್ನು ಅಣ್ಣ ವಸ್ತ್ರದಲ್ಲಿ ಸುತ್ತಿಕೊಂಡು ಮನೆಗೆ ನಡೆದರು. ದಾರಿಯಲ್ಲಿ ನನಗೆ ಅಳು ತಡೆಯಲಾಗಲಿಲ್ಲ. ಹೊಸ ತಂತಿ ಸುತ್ತಬಹುದಲ್ಲ ಎಂದೆ.

"ಸುತ್ತಬೋದು. ಆಗ ಅದು ನಾನು ಮಾಡಿದ್ ಫ್ಯಾನ್ ಆಯ್ತದೆ, ಅವ್ರು ಮಾಡಿದ್ದಾಗಕಿಲ್ಲ. ಓಗ್ಲಿ ಬುಡಿ, ನೀವು ಸ್ಕೂಲಿಗೆ ನಡೀರಿ, ಒತ್ತಾಯ್ತು."

ಆಮೇಲೆ ಹಾಸನ, ಚನ್ನರಾಯಪಟ್ಟಣ, ಹೋದಲ್ಲೆಲ್ಲ ನಾನು ಗುಜರಿ ಅಂಗಡಿಗಳಿಗೆ ನುಗ್ಗಿ ಹುಡುಕುತ್ತಿದ್ದೆ. ಆರೇಳು ವರ್ಷದ ಮೇಲೆ ಹಿರೀಸಾವೆಯ ಹೋಟೆಲೊಂದರ ಅಟ್ಟದಲ್ಲಿ ಸಿಕ್ಕಿತು. ಅದೇ ಕಪ್ಪು, ಅದೇ ಹಿತ್ತಾಳೆ, ಒಳಗೆ ಇದ್ದಿಲಿನ ತುಂಡು ಕೂಡ. ಬಸ್ಸಿನಲ್ಲಿ ಮಡಿಲಿನಲ್ಲಿಟ್ಟುಕೊಂಡು ತಂದೆ. ಅಷ್ಟರಲ್ಲಿ ಅಣ್ಣ ಹಾಸಿಗೆ ಹಿಡಿದಿದ್ದರು. ಮಗ್ಗುಲಲ್ಲಿಟ್ಟಾಗ ಕಣ್ಣು ಬಿಡದೆಯೇ ರೆಕ್ಕೆಯ ಅಂಚನ್ನು ಸವರಿದರು. ತುಸು ನಕ್ಕರು.

"ಇದು ಅದಲ್ಲ ಮೇಷ್ಟ್ರೇ. ಬಾಗು ಬೇರೆ."

ಹೂಂ ಅದೇ ಎಂದು ಒಂದು ಸುಳ್ಳು ಹೇಳಿದ್ದರೆ ನನ್ನ ಎದೆ ಹಗುರವಾಗುತ್ತಿತ್ತು. ಅಂದು ಅವರ ಮೇಲೆ ಸಿಟ್ಟು ಕೂಡ ಬಂತು. ಒಂಬತ್ತನೆಯ ದಿನ ಅವರು ತೀರಿಕೊಂಡರು. ನಾನು ಮೂವತ್ತು ವರ್ಷ ಮೇಷ್ಟ್ರಾಗಿಯೇ ಉಳಿದೆ. ಅವರು ಠಾಣೆಯಲ್ಲಿ ಸುಟ್ಟ ಆ ಫ್ಯಾನು ತಿರುಗುವುದನ್ನು ಒಂದು ಸಲವೂ ನೋಡಲಿಲ್ಲ.