ಬೇವಿನ ನೆರಳಲ್ಲಿ ಸುಣ್ಣದ ಗುಂಡಿ

ಹುಮನಾಬಾದಿನ ನಮ್ಮ ಮನೆಗೆ ಹಿತ್ತಲ ಗೋಡೆ ಎಬ್ಬಿಸಿದ್ದು ಯಾವ ವರ್ಷ ಎಂದು ಖಚಿತವಾಗಿ ಹೇಳಲಾರೆ. ನಾನು ಹೈದರಾಬಾದಿನಲ್ಲಿ ಓದು ಮುಗಿಸಿ ಬಂದಿದ್ದೆ, ಎರಡನೇ ಮಹಾಯುದ್ಧ ಇನ್ನೂ ನಡೆದಿತ್ತು. ಗೋಡೆಯ ಗೆರೆಯ ಮೇಲೆಯೇ ಒಂದು ಬೇವಿನ ಮರ. ಅದರ ಅರ್ಧ ನೆರಳು ನಮಗೆ, ಇನ್ನರ್ಧ ಪಕ್ಕದ ಮನೆಯಾಕೆಗೆ; ಆಕೆಯನ್ನು ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆವು. ಗಂಡ ತೀರಿಕೊಂಡ ಮೇಲೆ ಆಕೆ ನೇಕಾರರ ನೂಲಿಗೆ ಬಣ್ಣ ಹಾಕಿಕೊಟ್ಟು ಬದುಕುತ್ತಿದ್ದಳು. ಒದ್ದೆ ನೂಲು ಬಿಸಿಲಿಗೆ ಬಿದ್ದರೆ ಬಣ್ಣ ಹಾರಿಹೋಗುತ್ತಿತ್ತು. ಆ ನೆರಳಿಲ್ಲದೆ ಆಕೆಗೆ ಕೆಲಸವಿಲ್ಲ.

ಮರ ಉಳಿಸುತ್ತೇನೆಂದು ಅಪ್ಪ ಆಕೆಗೆ ಮಾತು ಕೊಟ್ಟಿದ್ದರು. ಗೋಡೆ ಕಟ್ಟಲು ಕಲ್ಯಾಣದಿಂದ ಬಂದ ಗೌಂಡಿಯೂ ಜಾಗರೂಕನೇ. ಬುನಾದಿಯಲ್ಲಿ ದಪ್ಪ ಬೇರು ಸಿಕ್ಕಾಗ ಕಡಿಯದೆ ಅದರ ಮೇಲೆ ಪುಟ್ಟ ಕಮಾನು ಕಟ್ಟಿದ. ಕಲ್ಲು ತಾಗದಿರಲೆಂದು ಕಾಂಡಕ್ಕೆ ಗೋಣಿತಟ್ಟು ಸುತ್ತಿದ. ಆಮೇಲೆ ಗಾರೆಯ ಸುಣ್ಣ ಅರಳಿಸಲು ಗುಂಡಿ ಬೇಕಾಯಿತು. ನಮ್ಮ ಹಿತ್ತಲ ತುಂಬ ಕಲ್ಲು. ಸುಣ್ಣ ಒಣಗಬಾರದು ಎಂದು ಖಾಲಾಳನ್ನು ಕೇಳಿ ಆಕೆಯ ಕಡೆ, ಮರದ ನೆರಳಲ್ಲೇ ತೋಡಿದರು. ನಮ್ಮಲ್ಲಿ ಎಲ್ಲರೂ ಮಾಡುವುದೇ ಹಾಗೆ. ನಾವೆಲ್ಲ ಕೊಡಲಿಗೆ ಹೆದರಿದ್ದೆವು, ಬೇರಿಗೆ ಇಳಿಯುವ ಸುಣ್ಣದ ನೀರಿಗಲ್ಲ.

ಎಲೆ ಹಳದಿಯಾಗತೊಡಗಿತು. ಅದು ಎಲೆ ಉದುರುವ ಕಾಲವೂ ಹೌದು. ದಿನಾ ಹೋಗಿ ಕೊಂಬೆಯ ತೊಗಟೆ ಗೀರಿ ಒಳಗೆ ಹಸಿರು ಹುಡುಕುತ್ತಿದ್ದೆ.

“ಬೇಟಾ, ನೀ ಕಲಿತಾಂವ ಇದ್ದಿ,” ಎಂದಳು ಖಾಲಾ. “ಇದು ಹಂಗಾಮಿನ ಎಲಿ ಉದುರಾಕತ್ತದೋ, ಗಿಡಾನೇ ಸಾಯಾಕತ್ತದೋ?”

ನನಗೆ ಗೊತ್ತಿರಲಿಲ್ಲ. ಗೌಂಡಿ ನಕ್ಕ: “ನಾ ದಿನಾ ಸುಣ್ಣದಾಗೇ ಇರ್ತೀನಿ ಖಾಲಾ, ಸತ್ತೀನೇನು?”

“ನೀ ಅದ್ರಾಗ ಬೇರು ಬಿಟ್ಟೀಯೇನು?”

ಅವನ ನಗು ನಿಂತಿತು. ಅಪ್ಪ ಅಂದೇ ಗುಂಡಿಯ ಸುಣ್ಣ ತೆಗೆಸಿ ಹೊಸ ಮಣ್ಣು ಹಾಕಿಸಿದರು ಎಂದು ನನ್ನ ನೆನಪು. ಇಲ್ಲ, ಗೋಡೆಯ ಕೆಲಸಕ್ಕೆ ಸುಣ್ಣ ಸಾಕಾಗುವ ತನಕ ಕಾದರು ಎನ್ನುತ್ತಾಳೆ ಅಕ್ಕ. ಇಬ್ಬರಲ್ಲಿ ಯಾರು ಸರಿಯೋ. ಅಪ್ಪನ ಮೇಲಿನ ಪ್ರೀತಿಯೇ ನನ್ನ ನೆನಪನ್ನು ತಿದ್ದಿರಬಹುದು.

ಯುಗಾದಿಯ ಹೊತ್ತಿಗೆ ನಮ್ಮ ಕಡೆಯ ಕೊಂಬೆಗಳು ಚಿಗುರಿದವು. ಖಾಲಾಳ ಕಡೆಯವು ಚಿಗುರಲಿಲ್ಲ. ಬಿಸಿಲು ಆಕೆಯ ಅಂಗಳಕ್ಕೆ ನೇರ ಇಳಿಯತೊಡಗಿತು. ಎದೆಮಟ್ಟ ಎದ್ದಿದ್ದ ಗೋಡೆಯನ್ನು ಅಪ್ಪ ಮರದ ಪಕ್ಕದಲ್ಲಿ ಒಬ್ಬರು ಹಾಯುವಷ್ಟು ಒಡೆಸಿದರು.

“ಬರ್ರಿ, ನೂಲು ಈ ಕಡಿ ಹಾಕ್ರಿ,” ಎಂದರು.

ಆಕೆ ಒದ್ದೆ ನೂಲಿನ ಲಡಿ ಹೊತ್ತು ಬಂದಳು. ಕೂಡಲೇ ಹರವಲಿಲ್ಲ. ಉಳಿದ ಕೊಂಬೆಗಳನ್ನು ಒಂದೊಂದಾಗಿ ನೋಡುತ್ತ ನಿಂತಳು.