ಸ್ವಿಚ್ಚಿನ ಖಾಲಿ ತೂತು

ಗೆಳೆಯರೇ, ನಮ್ಮ ಹೊಸಪೇಟೆಯ ಇಂಟರ್ನೆಟ್ ಸೆಂಟರಿನ ಬೋರ್ಡು ಕೊಟ್ಟ ಮಾತು: ಮಿಂಚಿನ ವೇಗ, ಫ್ಯಾನು, ಕುಡಿಯುವ ನೀರು. ಇವತ್ತು ನೀರು ಸಿಕ್ಕಿತು, ಉಳಿದವು ಇಲ್ಲ.

ಅದಿರು ಲಾರಿಗಳ ಧೂಳಿನ ವಿರುದ್ಧ ನಮ್ಮ ಅರ್ಜಿ ಸಂಜೆ ಐದರೊಳಗೆ ಇಮೇಲಿನಲ್ಲಿ ಜಿಲ್ಲಾಧಿಕಾರಿ ಕಚೇರಿ ಮುಟ್ಟಬೇಕಿತ್ತು. ತಪ್ಪಿದರೆ ನಾಳಿನ ವಿಚಾರಣೆಯಲ್ಲಿ ನಮ್ಮ ಬಾಯಿ ಬಂದ್. ನಾಲ್ಕೂವರೆಯಾದರೂ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇತ್ತು. ನೆಟ್ ಪರೀಕ್ಷೆಗೆಂದು ಕಳಿಸಿದ ಪುಟ್ಟ ಡೇಟಾ ಪ್ಯಾಕೆಟ್‌ಗಳು ಅರ್ಧಕ್ಕರ್ಧ ದಾರಿಯಲ್ಲೇ ಕಳೆದುಹೋದವು.

"ನೆಟ್ ಮಸ್ತ್ ಐತ್ರೀ ಅಕ್ಕಾರ. ಸ್ವಿಚ್ಚಿನ ಲೈಟ್ ನೋಡ್ರಿ, ಹೆಂಗ ಕುಣಿಯಾಕತ್ತಾವು" ಎಂದರು ಮಾಲೀಕ ಪಂಪಣ್ಣ.

ನೋಡಿದೆ. ಎಲ್ಲ ಕಂಪ್ಯೂಟರುಗಳ ವೈರು ಬಂದು ಸೇರುವ ಆ ಸ್ವಿಚ್ ಡಬ್ಬಿಗೆ ವಿಭೂತಿ ಬಳಿದಿದ್ದರು. ಒಂದು ವೈರಿನ ಎರಡೂ ತುದಿಗಳು ಅದೇ ಡಬ್ಬಿಯ ಎರಡು ತೂತುಗಳಲ್ಲಿದ್ದವು. ಒಂದರಿಂದ ಹೊರಟದ್ದೆಲ್ಲ ಇನ್ನೊಂದರಿಂದ ವಾಪಸು ಬಂದು, ಒಳಗೇ ಸುತ್ತಿ ಸುತ್ತಿ ಜಾಮ್ ಆಗಿತ್ತು.

"ಇದನ್ನ್ಯಾಕ ಹಿಂಗ ಚುಚ್ಚೀರಿ?"

"ತೂತು ಖಾಲಿ ಬಿಟ್ರ ಅದಿರಿನ ಧೂಳು ಹೊಕ್ಕೊಂತೈತ್ರೀ. ಮುಂಜಾನೆ ಒರೆಸಿ ನಾನಾ ಮುಚ್ಚೀನಿ."

ಊರವರ ಮೂಗು ಮುಚ್ಚಲು ಯಾವ ಅಧಿಕಾರಿಗೂ ತೋಚಿಲ್ಲ; ಪಂಪಣ್ಣ ಡಬ್ಬಿಯ ಮೂಗು ಮುಚ್ಚಿದ್ದರು. ಆ ವೈರಿನ ಒಂದು ತುದಿ ಕಿತ್ತೆ. ಗಳಿಗೆಯಲ್ಲಿ ಅರ್ಜಿ ಹೋಯಿತು. ಅವರು ಗಾಬರಿಯಾಗಿ ಖಾಲಿಯಾದ ತೂತಿಗೆ ಬೆರಳು ಅಡ್ಡ ಹಿಡಿದರು.

"ಏನ್ ಕಳಿಸಿದ್ರಿ ಅಕ್ಕಾರ?"

"ಈ ಧೂಳಿನ ಮ್ಯಾಲೆ ದೂರು."

"ಹಂಗಾರ ನಂದೂ ಒಂದು ಸಹಿ ಹಾಕೊಳ್ರಿ" ಎಂದರು, ಬೆರಳು ತೆಗೆಯದೆ.

ನಮ್ಮ ಮುಂದಿನ ಸಭೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಪಂಪಣ್ಣನೂ ಬರುತ್ತಾರಂತೆ, ಅಷ್ಟು ಹೊತ್ತು ಬೆರಳಿಡಲು ಬದಲಿ ಆಳು ಸಿಕ್ಕರೆ.